ಕೆಳಗಿನ ಐದು ಸ್ವರಗಳು: ವೃಂದಕ್ಕೊಂದು ಬಾಸ್ ರೆಕಾರ್ಡರ್ ಆರಿಸುವಾಗ

ರೆಕಾರ್ಡರ್ ಎಂಬ ಪಾಶ್ಚಾತ್ಯ ಕೊಳಲಿನ ವೃಂದಕ್ಕೆ ಬಾಸ್, ಅಂದರೆ ಕೆಳದನಿಯ ರೆಕಾರ್ಡರ್, ಕೊಳ್ಳಲು ಹೊರಟವರು ವಾದ್ಯ ಕೈಗೆ ಬಂದೊಡನೆ ಮೊದಲು ನುಡಿಸಿ ನೋಡುವುದು ಅದರ ನಡುಸ್ಥಾಯಿಯನ್ನು. ಅಲ್ಲಿ ಯಾವ ಬಾಸ್ ಆದರೂ ಚೆನ್ನಾಗಿಯೇ ಕೇಳುತ್ತದೆ: ಮೆತ್ತಗೆ, ದುಂಡಗೆ, ಕಿವಿಗೆ ಹಿತವಾಗಿ. ಆದರೆ ವೃಂದದಲ್ಲಿ ಬಾಸ್‌ಗೆ ನಿಜವಾದ ಕೆಲಸ ಬೀಳುವುದು ಅಲ್ಲಲ್ಲ, ಅದರ ಬುಡದಲ್ಲಿ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ ಅತಿ ಕೆಳಗಿನ ಎಫ್‌ನಿಂದ ಹಿಡಿದು ಜಿ, ಎ, ಬಿ ಫ್ಲಾಟ್, ಸಿ ತನಕ, ಒಟ್ಟು ಐದು ಸ್ವರ. ಸಂಗೀತದ ಸಾಲು ಮುಗಿದು ಎಲ್ಲರೂ ನಿಲ್ಲುವ ಜಾಗದಲ್ಲಿ ಬಾಸ್ ಬಂದು ಕೂರುವುದು ಹೆಚ್ಚಾಗಿ ಈ ಐದರಲ್ಲೊಂದರ ಮೇಲೆ. ಈ ಐದೂ ಗಟ್ಟಿಯಾಗಿ, ಹೊತ್ತಿಗೆ ಸರಿಯಾಗಿ, ಶ್ರುತಿ ಬಿಡದೆ ನುಡಿದರೆ ಮಿಕ್ಕ ಕೊರತೆಗಳನ್ನೆಲ್ಲ ಸಹಿಸಿಕೊಳ್ಳಬಹುದು. ಇವು ನುಡಿಯದಿದ್ದರೆ ಎಂಥ ಮರ, ಎಂಥ ಹೆಸರಾಂತ ತಯಾರಕ ಎಂಬುದರಿಂದ ಏನೂ ಪ್ರಯೋಜನವಿಲ್ಲ. ಈ ಬರಹದ ಮಾತೆಲ್ಲ ಆ ಐದು ಸ್ವರಗಳ ಸುತ್ತಲೇ.

ನಮ್ಮ ಕೊಳಲು ನುಡಿಸಿ ಗೊತ್ತಿರುವವರಿಗೆ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ರೆಕಾರ್ಡರನ್ನು ಅಡ್ಡ ಹಿಡಿಯುವುದಿಲ್ಲ, ನೇರ ಹಿಡಿದು ತುದಿಯಿಂದ ಊದುತ್ತಾರೆ. ಬಾಯಿಂದ ಹೊರಟ ಉಸಿರು ಒಂದು ಕಿರಿದಾದ ಗಾಳಿದಾರಿಯಲ್ಲಿ ಹಾದು, ವಾದ್ಯದ ತಲೆಯಲ್ಲಿ ಕೊರೆದ ಕಿಟಕಿಯ ಆಚೆಬದಿಯ ಚೂಪಾದ ಅಂಚಿಗೆ ಬಡಿಯುತ್ತದೆ. ಕೊಳಲಿನಲ್ಲಿ ತುಟಿ ಮಾಡುವ ಕೆಲಸವನ್ನು ಇಲ್ಲಿ ತಯಾರಕ ಮೊದಲೇ ಮಾಡಿ ಮುಗಿಸಿರುತ್ತಾನೆ. ಹಾಗಾಗಿ ತುಟಿ ತಿರುಗಿಸಿ ಶ್ರುತಿ ತಿದ್ದುವ ದಾರಿ ಇಲ್ಲ. ಉಸಿರು ಹೆಚ್ಚಿದರೆ ಸ್ವರ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಜೋರು ಬೇಕೆಂದು ಒತ್ತಿ ಊದಿದರೆ ಶ್ರುತಿ ಕೈಬಿಡುತ್ತದೆ. ಕೆಳಗಿನ ಸ್ವರಗಳಂತೂ ಒಮ್ಮೆಲೇ ಒಡೆದು ಮೇಲಿನ ಸ್ಥಾಯಿಗೆ ಹಾರುತ್ತವೆ. ಬಾಸ್‌ನ ಬಹುಪಾಲು ತೊಡಕುಗಳ ಬೇರು ಇಲ್ಲೇ ಇದೆ. ಎಷ್ಟು ಸದ್ದು ಬರಬೇಕೆಂಬುದು ವಾದ್ಯದ ಒಳಗೇ ತೀರ್ಮಾನವಾಗಿರುತ್ತದೆ, ನುಡಿಸುವವರು ಮೇಲಿಂದ ಸೇರಿಸಲು ಬಹಳ ಸ್ವಲ್ಪ ಉಳಿದಿರುತ್ತದೆ. ಆದ್ದರಿಂದಲೇ ಆಯ್ಕೆಗೆ ಇಷ್ಟು ತೂಕ.

ಈಗ ಅಳತೆ. ನಾಲ್ಕು ದನಿಯ ರೂಢಿಯ ವೃಂದದಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಇರುತ್ತವೆ. ಸೊಪ್ರಾನೊ ಮತ್ತು ಟೆನರ್ ಸಿ ವಾದ್ಯಗಳು, ಅಂದರೆ ಅವುಗಳ ಅತಿ ಕೆಳಗಿನ ಸ್ವರ ಸಿ; ಆಲ್ಟೊ ಮತ್ತು ಬಾಸ್ ಎಫ್ ವಾದ್ಯಗಳು. ಬಾಸ್‌ನ ಬೆರಳುಗಾರಿಕೆ ಆಲ್ಟೊದ್ದೇ, ದನಿ ಒಂದು ಸ್ಥಾಯಿ ಕೆಳಗೆ. ಎ 440 ಹರ್ಟ್ಸ್ ಎಂದಿಟ್ಟುಕೊಂಡರೆ ಬಾಸ್‌ನ ಕೊನೆಯ ಎಫ್ ಸುಮಾರು 174.6 ಹರ್ಟ್ಸ್. ಎರಡೂ ತುದಿ ತೆರೆದ ಕೊಳವೆಯಲ್ಲಿ ಅರ್ಧ ತರಂಗ ಹಿಡಿಯಬೇಕಾದ್ದರಿಂದ ಇದಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ಗಾಳಿಯ ಕಂಬ ಬೇಕು. ಟೆನರ್‌ಗೆ ಸಾಕಾಗುವುದು 65 ಸೆಂಟಿಮೀಟರ್ ಆಸುಪಾಸು. ಈ ಜಿಗಿತದಿಂದಲೇ ಬಾಸ್‌ನ ಉಳಿದ ಲಕ್ಷಣಗಳೆಲ್ಲ ಹುಟ್ಟುತ್ತವೆ: ಬೆರಳು ತಲುಪದ ರಂಧ್ರಗಳಿಗೆ ಕೀ (ಒತ್ತಿದರೆ ಮೆತ್ತನೆಯ ಪ್ಯಾಡ್‌ನಿಂದ ರಂಧ್ರ ಮುಚ್ಚುವ ಸನ್ನೆ) ಬೇಕು, ಬಾಯಿ ತಲುಪದ ತುದಿಗೆ ಬಾಗಿದ ಕೊಳವೆ ಬೇಕು, ಹೆಬ್ಬೆರಳಿನ ಮೇಲೆ ಭಾರ ಬೀಳದಂತೆ ಕೊರಳಪಟ್ಟಿ ಬೇಕು.

ನಾವು ಇಂದು ಬಾಸ್ ಎನ್ನುವುದು ಹದಿನಾರನೇ ಶತಮಾನದ ವೃಂದದಲ್ಲಿ ಬಾಸ್ ಕುಟುಂಬದ ಅತಿ ಚಿಕ್ಕ ಕೂಸು. 1619ರಲ್ಲಿ ಜರ್ಮನಿಯ ಸಂಗೀತಗಾರ ಮಿಖಾಯೆಲ್ ಪ್ರೆಟೋರಿಯಸ್ ವಾದ್ಯಗಳ ಪಟ್ಟಿ ಕೊಡುವಾಗ ಇದನ್ನು ಬ್ಯಾಸೆಟ್ ಎಂದು ಕರೆದ. ಅವನ ಬಾಸ್ ಬಿ ಫ್ಲಾಟ್‌ನಲ್ಲಿತ್ತು, ದೊಡ್ಡ ಬಾಸ್ ಇನ್ನೂ ಕೆಳಗಿನ ಎಫ್‌ನಲ್ಲಿ. ಎಲ್ಲ ಅಳತೆಯೂ ಸೇರಿದ 21 ರೆಕಾರ್ಡರ್‌ಗಳ ಪೂರ್ತಿ ಕಟ್ಟು ವೆನಿಸ್‌ನಿಂದ ಸುಮಾರು 80 ಥಾಲರ್‌ಗೆ (ಆ ಕಾಲದ ಬೆಳ್ಳಿ ನಾಣ್ಯ) ಸಿಗುತ್ತದೆ ಎಂದೂ ಬರೆದ. ಕಟ್ಟಾಗಿ ಕೊಳ್ಳುವ ಆ ರೂಢಿಯಲ್ಲಿ ಒಂದು ವಿವೇಕವಿತ್ತು. ಒಂದೇ ಕೈ ಒಂದೇ ಶ್ರುತಿಗೆ ಮಾಡಿದ ವಾದ್ಯಗಳು ಒಂದರೊಳಗೊಂದು ಬೆರೆಯುತ್ತವೆ. ಇಂದು ನಾವು ಒಂದೊಂದನ್ನು ಒಂದೊಂದು ಕಡೆಯಿಂದ ತಂದು ಕೂಡಿಸುತ್ತೇವೆ, ಆಮೇಲೆ ಬಾಸ್ ಕೇಳುವುದಿಲ್ಲ ಎಂದು ಕೊರಗುತ್ತೇವೆ.

ಆ ಕಾಲದ ನಾಲ್ಕು ದನಿಯ ವೃಂದದ ಜೋಡಣೆಯೂ ಬೇರೆಯದೇ. ಎಫ್‌ನಲ್ಲಿ ಒಂದು ಬಾಸ್, ಸಿಯಲ್ಲಿ ಎರಡು ಟೆನರ್, ಜಿಯಲ್ಲಿ ಒಂದು ಆಲ್ಟೊ. ಪಂಚಮ ಪಂಚಮವಾಗಿ ಏರುವ ಮೆಟ್ಟಿಲು. ಮೇಲೆ ಸೊಪ್ರಾನೊ ಇಲ್ಲ. ಬಾಸ್ ಮಂಕಾಗಿ ಕೇಳುತ್ತದೆ ಎನ್ನುವ ವೃಂದಗಳು ಹೊಸ ವಾದ್ಯಕ್ಕೆ ದುಡ್ಡು ಕೂಡಿಡುವ ಮೊದಲು ಒಂದು ಪ್ರಯೋಗ ಮಾಡಬೇಕು. ಆ ಕಾಲದ ಯಾವುದಾದರೂ ನೃತ್ಯಗೀತೆಯನ್ನು ತೆಗೆದುಕೊಂಡು, ಮೇಲಿನ ಸಾಲನ್ನು ಸೊಪ್ರಾನೊದಿಂದ ಆಲ್ಟೊಗೆ ಇಳಿಸಿ, ನಡುವಿನ ಎರಡೂ ಸಾಲನ್ನು ಟೆನರ್‌ಗೆ ಕೊಟ್ಟು ನುಡಿಸುವುದು. ಅದೇ ಬಾಸ್ ಇದ್ದಕ್ಕಿದ್ದಂತೆ ಮೈದುಂಬಿ ಕೇಳುತ್ತದೆ. ಸೊಪ್ರಾನೊದ ಮೇಲಿನ ಸ್ವರಗಳು ತೀಕ್ಷ್ಣ, ನಮ್ಮ ಕಿವಿಯೂ ಆ ಎತ್ತರಕ್ಕೆ ಹೆಚ್ಚು ಸೂಕ್ಷ್ಮ. ಬಾಸ್‌ನ ಕೆಳಗಿನ ಸ್ವರಗಳಲ್ಲಿ ಮೇಲ್ಸ್ವರಗಳೇ ಕಡಿಮೆ. ಈ ಎರಡರ ನಡುವಿನ ಜಗಳವನ್ನು ಎಷ್ಟು ಬೆಲೆಯ ವಾದ್ಯವೂ ಪೂರ್ತಿ ಬಗೆಹರಿಸದು.

ಇನ್ನು ಬಾಯಿಯಿಂದ ವಾದ್ಯಕ್ಕೆ ಉಸಿರು ಸೇರುವ ಬಗೆ. ಇದರಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಬೋಕಲ್, ಅಂದರೆ ವಾದ್ಯದ ತಲೆಯ ಮೇಲಿಂದ ಹೊರಟು ಬಾಗಿ ಬಾಯಿಗೆ ಬರುವ ಸಣ್ಣ ಲೋಹದ ಕೊಳವೆ. ಎರಡನೆಯದು ನೇರ ಊದುವುದು. ತಲೆಯ ತುದಿಗೇ ತುಟಿ ಇಟ್ಟು ವಾದ್ಯವನ್ನು ಓರೆಯಾಗಿ ಹಿಡಿಯುತ್ತಾರೆ. ಮೂರನೆಯದಕ್ಕೆ ಜರ್ಮನ್ ಮಾತಿನಲ್ಲಿ ಕ್ನಿಕ್ ಎಂದು ಹೆಸರು. ತಲೆಯ ಭಾಗವನ್ನೇ ಒಂದು ಕೋನದಲ್ಲಿ ಬಗ್ಗಿಸಿರುತ್ತಾರೆ, ಬಾಯಿ ನೇರವಾಗಿ ಗಾಳಿದಾರಿಗೆ ತಾಗುತ್ತದೆ, ಒಡಲು ಮಾತ್ರ ಕೆಳಕ್ಕೆ ಇಳಿದು ಕೈಗೆ ಎಟುಕುತ್ತದೆ. ಯಮಾಹಾದ ಪ್ಲಾಸ್ಟಿಕ್ ಬಾಸ್ ಬೋಕಲ್ ಇರುವಂಥದ್ದು. ಮೋಲೆನ್‌ಹಾವರ್ ಕಾಂಟಾ ಮತ್ತು ಸ್ವಿಟ್ಜರ್ಲೆಂಡಿನ ಕ್ಯುಂಗ್ ಕ್ನಿಕ್ ಬಾಸ್‌ಗಳಿಗೆ ಹೆಸರಾದವು.

ಇವುಗಳಲ್ಲಿ ಯಾವುದು ಮೇಲು? ವೃಂದಕ್ಕೆ ನನ್ನ ಒಲವು ಕ್ನಿಕ್ ಕಡೆಗೆ, ಕಾರಣ ಉಚ್ಚಾರ. ನಾಲಗೆಯಿಂದ ಡು ಎಂದು ಸ್ವರ ಬಿಡಿಸಿದಾಗ ಬೋಕಲ್‌ನ ಒಳಗಿನ ಗಾಳಿ ಒಂದು ಸಣ್ಣ ಮೆತ್ತೆಯಾಗಿ ನಿಲ್ಲುತ್ತದೆ, ಒತ್ತಡ ಗಾಳಿದಾರಿಗೆ ಮುಟ್ಟುವ ಹೊತ್ತಿಗೆ ಅಂಚು ಮಸುಕಾಗಿರುತ್ತದೆ. ನೇರ ಊದಿದಾಗ ನಾಲಗೆ ಹೇಳಿದ್ದು ಹಾಗೆಯೇ ಕೇಳುತ್ತದೆ. ಬಾಸ್ ಮೊದಲೇ ನಿಧಾನದ ವಾದ್ಯ. ಕೊಳವೆಯೊಳಗೆ ಸ್ವರ ನಿಲ್ಲಲು ಒಂದಿಷ್ಟು ಕಂಪನಗಳು ಕಳೆಯಬೇಕು. ಬಾಸ್‌ನ ಎಫ್‌ನಲ್ಲಿ ಒಂದು ಕಂಪನಕ್ಕೆ 5.7 ಮಿಲಿಸೆಕೆಂಡ್ ಹಿಡಿದರೆ ಸೊಪ್ರಾನೊದ ಕೆಳ ಸಿಯಲ್ಲಿ 1.9 ಸಾಕು. ಅಷ್ಟೇ ಕಂಪನಗಳಿಗೆ ಬಾಸ್ ಮೂರು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅದರ ಮೇಲೆ ಬೋಕಲ್‌ನ ಮಸುಕೂ ಸೇರಿದರೆ ಬಾಸ್ ಯಾವಾಗಲೂ ಒಂದು ಕೂದಲೆಳೆ ಹಿಂದೆ ಬೀಳುತ್ತದೆ, ಇಡೀ ವೃಂದದ ಲಯ ಜಗ್ಗಿದಂತೆ ಕೇಳುತ್ತದೆ. ಅನುಭವಿ ಬಾಸ್ ವಾದಕರು ಇದಕ್ಕೆಂದೇ ತಾಳ ಬೀಳುವ ಮುನ್ನವೇ ಉಸಿರನ್ನು ಹೊರಡಿಸಿರುತ್ತಾರೆ.

ಹಾಗೆಂದು ಬೋಕಲ್ ಬೇಡವೆಂದಲ್ಲ. ಕುಳಿತು ನುಡಿಸುವಾಗ ವಾದ್ಯವನ್ನು ನೆಟ್ಟಗೆ ನಿಲ್ಲಿಸಿಕೊಳ್ಳಬಹುದು, ಕತ್ತು ಸೋಲುವುದಿಲ್ಲ. ಹಳೆಯ ಭುಜದ ನೋವಿರುವವರಿಗೂ ಬೆರಳು ಗಿಡ್ಡ ಇರುವವರಿಗೂ ಅದೇ ಅನುಕೂಲ. ಉಸಿರಿನ ತೇವದ ಒಂದು ಪಾಲು ಆ ಲೋಹದ ಕೊಳವೆಯಲ್ಲೇ ನೀರಾಗಿ ನಿಂತುಬಿಡುವುದರಿಂದ ಗಾಳಿದಾರಿ ಬೇಗ ಕಟ್ಟಿಕೊಳ್ಳುವುದಿಲ್ಲ. ಆದರೆ ನಿಂತ ನೀರನ್ನು ಮರೆತು ವಾದ್ಯ ಓರೆ ಮಾಡಿದರೆ ಅಷ್ಟೂ ಒಮ್ಮೆಲೇ ಗಾಳಿದಾರಿಗೆ ನುಗ್ಗುತ್ತದೆ. ಎರಡು ಕೃತಿಗಳ ನಡುವೆ ಬೋಕಲ್ ಕಳಚಿ ಜಾಡಿಸುವುದು ಅಭ್ಯಾಸವಾಗಬೇಕು. ಬೋಕಲ್‌ನ ಸೇರಿಕೆಯಲ್ಲಿ ಗಾಳಿ ಸೋರಿದರೆ ಗಾಬರಿ ಬೇಡ. ಅದು ಗಾಳಿದಾರಿಗಿಂತ ಹಿಂದಿನ ಜಾಗ, ಉಸಿರು ವ್ಯರ್ಥವಾಗುತ್ತದೆ ಅಷ್ಟೆ. ಸ್ವರವನ್ನು ಕೆಡಿಸುವುದು ಕಿಟಕಿಯಿಂದ ಕೆಳಗಿನ ಸೋರಿಕೆ ಮಾತ್ರ.

ಕೀಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಯಾಕೆಂದರೆ ಬಾಸ್ ಕೊಂಡು ಪಶ್ಚಾತ್ತಾಪ ಪಡುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿ. ಬಲಗೈ ಕಿರುಬೆರಳಿನ ಕೀ ಒಂಟಿಯಾಗಿದ್ದರೆ ಎಫ್ ಸಿಗುತ್ತದೆ, ಎಫ್ ಶಾರ್ಪ್ ಸಿಗುವುದಿಲ್ಲ. ತೆರೆದ ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಬಹುದು, ಪ್ಯಾಡ್ ಇರುವ ಕೀಯನ್ನು ಅರ್ಧ ಒತ್ತಿ ನಂಬಿಕೆಯಿಂದ ಸ್ವರ ತೆಗೆಯಲು ಆಗುವುದಿಲ್ಲ. ಉಂಗುರ ಬೆರಳಿನ ಕೀಗೂ ಅದೇ ಮಾತು. ಅದು ಒಂಟಿಯಾಗಿದ್ದರೆ ಜಿ ಶಾರ್ಪ್ ಹೋಯಿತು. ಹದಿನಾರನೇ ಶತಮಾನದ ಸಂಗೀತವನ್ನೇ ನುಡಿಸುತ್ತೇವೆ ಎನ್ನುವವರಿಗೆ ಈ ಎರಡು ಸ್ವರಗಳ ಕೊರತೆ ಅಪರೂಪಕ್ಕೆ ಕಾಡೀತು. ಬಾಖ್‌ನ ಕೊರಾಲ್‌ಗಳಿಗೆ (ನಾಲ್ಕು ದನಿಯ ಚರ್ಚ್ ಗೀತೆಗಳಿಗೆ), ಜಿ ಅಥವಾ ಡಿ ಮೇಜರ್‌ನ ಜನಪದ ಧಾಟಿಗಳಿಗೆ, ಇಂದಿನ ಜೋಡಣೆಗಳಿಗೆ ಕೈ ಹಾಕಿದ ದಿನವೇ ಬಾಸ್ ಸಾಲಿನಲ್ಲಿ ಎಫ್ ಶಾರ್ಪ್ ಎದುರಾಗುತ್ತದೆ. ಅದನ್ನು ಮೇಲಿನ ಸ್ಥಾಯಿಗೆ ಎತ್ತಿ ನುಡಿಸಿದರೆ ಬಾಸ್ ಟೆನರ್‌ನ ಮೇಲೆ ಹೋಗಿ ಕೂರುತ್ತದೆ, ಸ್ವರಗಳ ಕಟ್ಟಡ ತಲೆಕೆಳಗಾಗುತ್ತದೆ. ಹಾಗಾಗಿ ಈ ಬೆರಳುಗಳಿಗೆ ಒಂಟಿ ಕೀಯ ಬದಲು ಜೋಡಿ ಕೀ ಇರುವ ಬಾಸ್‌ಗೇ ದುಡ್ಡು ಹಾಕಿ ಎಂದು ಒತ್ತಿ ಹೇಳುತ್ತೇನೆ.

ಹೆಚ್ಚು ಕೀ ಇದ್ದಷ್ಟೂ ಒಳ್ಳೆಯದು ಎಂದೂ ಅಲ್ಲ. ಪ್ರತಿ ಪ್ಯಾಡ್ ಒಂದು ಸೋರುವ ಜಾಗ, ಪ್ರತಿ ಸ್ಪ್ರಿಂಗ್ ಒಂದು ಸಡಿಲವಾಗುವ ಜಾಗ, ಪ್ರತಿ ಲಿವರ್ ಒಂದು ಟಕ್ ಎನ್ನುವ ಸದ್ದು. ನಿಮ್ಮ ಬೆರಳು ಸಲೀಸಾಗಿ ತಲುಪುವ ರಂಧ್ರಕ್ಕೆ ಕೀ ಬೇಡ. ಕೈ ಅಳೆಯುವ ವಿಧಾನ ಸರಳ: ವಾದ್ಯವನ್ನು ಕೊರಳಪಟ್ಟಿಗೆ ಸಿಕ್ಕಿಸಿ, ಎಡಗೈಯ ಮೂರು ಬೆರಳನ್ನೂ ಹೆಬ್ಬೆರಳನ್ನೂ ಅವುಗಳ ಜಾಗದಲ್ಲಿಟ್ಟು ಐದು ನಿಮಿಷ ಹಾಗೆಯೇ ಹಿಡಿದಿರಿ. ಮಣಿಕಟ್ಟು ನೊಂದರೆ ಅಥವಾ ಉಂಗುರ ಬೆರಳಿನ ಅಡಿ ಗಾಳಿ ನುಸುಳಿದರೆ ಆ ವಾದ್ಯ ನಿಮ್ಮದಲ್ಲ. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ, ಬೆರಳು ಉದ್ದವಾಗುವುದಿಲ್ಲ.

ಕೊಳವೆಯ ಒಳಗಿನ ಆಕಾರ ಹೊರಗೆ ಕಾಣುವುದಿಲ್ಲ, ಆದರೆ ಕೆಳಗಿನ ಐದು ಸ್ವರಗಳ ಹಣೆಬರಹ ಬರೆಯುವುದು ಅದೇ. ರಿನೇಸಾನ್ಸ್ ಮಾದರಿಯ, ಅಂದರೆ ಹದಿನಾರನೇ ಶತಮಾನದ ಬಗೆಯ, ವಾದ್ಯಗಳ ಒಳಕೊಳವೆ ಅಗಲ, ಬುಡದ ತನಕ ಹೆಚ್ಚು ಕಿರಿದಾಗುವುದಿಲ್ಲ. ಕೆಳಗಿನ ಸ್ವರ ಭದ್ರ, ಮೇಲೆ ವ್ಯಾಪ್ತಿ ಕಡಿಮೆ. ಅದರ ನಂತರದ ಕಾಲದ ಬರೋಕ್ ಮಾದರಿಯವು ಬುಡದ ಕಡೆಗೆ ಕಿರಿದಾಗುತ್ತವೆ. ಮೇಲಿನ ಸ್ಥಾಯಿ ಸಲೀಸು, ಕೆಳಗೆ ಮೈ ತೆಳು. ಕಾರ್ಖಾನೆಯಲ್ಲಿ ತಯಾರಾಗುವ ಇಂದಿನ ಬಾಸ್‌ಗಳಲ್ಲಿ ಹೆಚ್ಚಿನವು ಬರೋಕ್ ಕಡೆಗೇ ವಾಲಿದವು, ಒಂದೊಂದು ತಯಾರಕರು ಎಷ್ಟು ವಾಲಿದ್ದಾರೆ ಎಂಬುದರಲ್ಲಿ ವ್ಯತ್ಯಾಸ. ವೃಂದದ ಬಾಸ್ ಸಾಲು ಕೆಳಗಿನ ಎಫ್‌ನಿಂದ ಹೊರಟು ಒಂದೂವರೆ ಸ್ಥಾಯಿ ಏರುವುದೇ ಹೆಚ್ಚು. ಆದ್ದರಿಂದ ಎರಡು ಸ್ಥಾಯಿಯ ಮೇಲಿನ ಸ್ವರಗಳನ್ನು ಎಷ್ಟು ಚಂದ ನುಡಿಸುತ್ತದೆ ಎಂದು ತೋರಿಸಿ ಮಾರುವ ವಾದ್ಯಕ್ಕೆ ಮರುಳಾಗಬೇಕಿಲ್ಲ. ಏಕವಾದನಕ್ಕೆ ಅದು ಬೇಕು, ಇಲ್ಲಿ ಬೇಡ.

ಇವೆಲ್ಲಕ್ಕಿಂತ ಬೇರೆಯಾದ ದಾರಿ ಜರ್ಮನಿಯ ವಾದ್ಯ ತಯಾರಕ ಹರ್ಬರ್ಟ್ ಪೇಟ್ಸೋಲ್ಡ್‌ನದು. 1970ರ ದಶಕದಲ್ಲಿ ಅವನು ಪದರಹಲಗೆಯಿಂದ ಚೌಕಾಕಾರದ ಬಾಸ್ ರೆಕಾರ್ಡರ್‌ಗಳನ್ನು ಮಾಡತೊಡಗಿದ. ಆರ್ಗನ್ ಕೊಳವೆಯ ಸಂಬಂಧಿಯಂತೆ ಕಾಣುವ ಇವುಗಳ ಕೆಳಸ್ವರಗಳಲ್ಲಿ ಬಲವಿದೆ, ಉಚ್ಚಾರ ಚುರುಕು. ಆದರೆ ದನಿಯ ಬಣ್ಣ ಬೇರೆ. ದುಂಡು ಕೊಳವೆಯ ಟೆನರ್, ಆಲ್ಟೊಗಳ ಜೊತೆ ನಾಲ್ಕೇ ಜನ ಕೂತಾಗ ಬಾಸ್ ಬೇರೆ ಊರಿನದೆಂದು ಗೊತ್ತಾಗಿಬಿಡುತ್ತದೆ. ಹತ್ತು ಹನ್ನೆರಡು ಜನರ ದೊಡ್ಡ ವೃಂದದಲ್ಲಿ, ಅದರಲ್ಲೂ ಇನ್ನೂ ಕೆಳಗಿನ ಗ್ರೇಟ್ ಬಾಸ್, ಕಾಂಟ್ರಾಬಾಸ್ ಅಳತೆಗಳಲ್ಲಿ, ಅವುಗಳ ಉಪಕಾರ ದೊಡ್ಡದು.

ಮರ ಮತ್ತು ಪ್ಲಾಸ್ಟಿಕ್ ಬಗ್ಗೆ ಹೇಳಬೇಕಾದ್ದು ಕಡಿಮೆ. ಯಮಾಹಾ, ಆಲೋಸ್‌ಗಳ ಪ್ಲಾಸ್ಟಿಕ್ ಬಾಸ್‌ಗಳು ಶ್ರುತಿಯಲ್ಲಿ ನಂಬಿಕಸ್ಥ, ಬೆಲೆ ಒಳ್ಳೆಯ ಮರದ ಬಾಸ್‌ನ ಒಂದು ಸಣ್ಣ ಪಾಲು, ಹವೆ ಬದಲಾದರೆ ಹೆದರುವುದಿಲ್ಲ. ಪ್ಲಾಸ್ಟಿಕ್ ತೇವ ಹೀರುವುದಿಲ್ಲ, ಗಾಳಿದಾರಿಯಲ್ಲಿ ಹನಿ ಬೇಗ ಕೂಡುತ್ತದೆ; ಕೆಳಸ್ವರಗಳಲ್ಲಿ ಮೈ ಸ್ವಲ್ಪ ಕಡಿಮೆ. ಮರದವು ಬಹುಪಾಲು ಮೇಪಲ್, ಪೇರ್, ಚೆರಿಯಂಥ ಹಗುರ ಮರದವು. ಗಟ್ಟಿಮರದಲ್ಲಿ ಮಾಡಿದರೆ ಹೊರುವುದೇ ಕಷ್ಟ. ಹೊಸದಾಗಿ ಕಟ್ಟಿಕೊಂಡ ವೃಂದಕ್ಕೆ ನನ್ನ ಸಲಹೆ ಪ್ಲಾಸ್ಟಿಕ್ ಬಾಸ್. ಕೆಟ್ಟ ಮರದ ಬಾಸ್‌ಗಿಂತ ಅದು ಎಷ್ಟೋ ಮೇಲು.

ಶ್ರುತಿಯ ಮಟ್ಟವನ್ನು ಕೊಳ್ಳುವ ಮುನ್ನವೇ ಕೇಳಿ ತಿಳಿಯಬೇಕು. ವೃಂದದ ಉಳಿದ ವಾದ್ಯಗಳು ಎ 442ರಲ್ಲಿದ್ದು ಬಾಸ್ 440 ಆದರೆ ವ್ಯತ್ಯಾಸ ಸುಮಾರು 8 ಸೆಂಟ್, ಅಂದರೆ ಅರ್ಧಸ್ವರದ ನೂರು ಭಾಗದಲ್ಲಿ ಎಂಟು. ಇಲ್ಲಿ ಇಳಿಯಬೇಕಾದವರು ಮೇಲಿನವರೇ. ತಲೆಯ ಭಾಗವನ್ನು ಹೊರಗೆಳೆದರೆ ಸ್ವರ ಇಳಿಯುತ್ತದೆ, ಪೂರ್ತಿ ಒಳಗೆ ತಳ್ಳಿದ ಬಾಸ್ ಮತ್ತೆ ಏರುವ ದಾರಿ ಇಲ್ಲ. ಎಳೆಯುವುದಕ್ಕೂ ಮಿತಿಯಿದೆ. ಬಾಸ್‌ನಲ್ಲಿ ತಲೆಯನ್ನು 5 ಮಿಲಿಮೀಟರ್ ಎಳೆದರೆ ಕೆಳಗಿನ ಎಫ್ ಸುಮಾರು 9 ಸೆಂಟ್ ಇಳಿದರೆ, ಅದರ ಮೇಲಿನ ಇ ಸುಮಾರು 17 ಸೆಂಟ್ ಇಳಿಯುತ್ತದೆ, ಯಾಕೆಂದರೆ ಇ ನುಡಿಯುವಾಗ ಗಾಳಿಯ ಕಂಬ ಅರ್ಧದಷ್ಟೇ ಉದ್ದ. ಸ್ಥಾಯಿಯೇ ಕುಗ್ಗುತ್ತದೆ. ಎ 415 ಅಥವಾ 466ರ ಬಾಸ್ ಅಗ್ಗವಾಗಿ ಸಿಕ್ಕಿತೆಂದು ತಂದು 440ರ ವೃಂದದಲ್ಲಿ ಕೂರಿಸಲು ಬರುವುದೇ ಇಲ್ಲ, ಪೂರ್ತಿ ಒಂದು ಅರ್ಧಸ್ವರದ ಅಂತರ ಅದು.

ಹವೆಯ ಲೆಕ್ಕವೂ ಇದರಲ್ಲಿ ಸೇರುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸ್ವರ ಸುಮಾರು 3 ಸೆಂಟ್ ಏರುತ್ತದೆ. ಉದ್ದನೆಯ ಬಾಸ್‌ನಲ್ಲಿ ತಲೆಯ ಕಡೆ ಉಸಿರಿನ ಬಿಸಿ ಇರುತ್ತದೆ, ಬುಡಕ್ಕೆ ತಲುಪುವ ಹೊತ್ತಿಗೆ ಅದು ಕೋಣೆಯ ಹವೆಗೆ ಇಳಿದಿರುತ್ತದೆ. ಹಾಗಾಗಿ ಡಿಸೆಂಬರ್ ಬೆಳಗಿನ ಬೆಂಗಳೂರಿನ ಕೋಣೆಯಲ್ಲಿ ಮೇಲಿನ ಸ್ವರಗಳು ಸರಿಯಾಗಿದ್ದು ನಮ್ಮ ಆ ಐದು ಸ್ವರಗಳೇ ಕೆಳಗೆ ಜಾರಿರುತ್ತವೆ. ನುಡಿಸುವ ಮುನ್ನ ತಲೆಯ ಭಾಗವನ್ನಷ್ಟೇ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಲದು, ಎಲ್ಲ ಸೇರಿಸಿ ಸದ್ದು ಬಾರದಷ್ಟು ಮೆಲ್ಲಗೆ ಹತ್ತು ನಿಮಿಷ ಬೆಚ್ಚನೆಯ ಉಸಿರು ಹಾಯಿಸಬೇಕು. ಬಾಸ್ ಪೂರ್ತಿ ಬೆಚ್ಚಗಾದ ಮೇಲೆಯೇ ಉಳಿದವರು ಅದಕ್ಕೆ ಶ್ರುತಿ ಕೂಡಿಸಬೇಕು, ಕೆಳಗಿನಿಂದ ಮೇಲಕ್ಕೆ.

ಕೆಳಗಿನಿಂದ ಮೇಲಕ್ಕೆ ಎನ್ನಲು ಇನ್ನೊಂದು ಕಾರಣವಿದೆ, ಈ ವಾದ್ಯಗಳ ಅತಿ ಸೊಗಸಾದ ಗುಣ ಅದು. ಎರಡು ಆಲ್ಟೊಗಳು ಮೇಲಿನ ಎಫ್ ಮತ್ತು ಅದರ ಗಾಂಧಾರವಾದ ಎ ಹಿಡಿದವೆನ್ನಿ. ಎಫ್ 698.5 ಹರ್ಟ್ಸ್. ತಂಬೂರಿಯ ಷಡ್ಜದಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರದಂತೆ 5:4ರ ಶುದ್ಧ ಅನುಪಾತದಲ್ಲಿ ಎ ಹಿಡಿದರೆ ಅದು 873 ಹರ್ಟ್ಸ್. ಎರಡರ ನಡುವಿನ ವ್ಯತ್ಯಾಸ 174.6, ಸರಿಯಾಗಿ ಬಾಸ್‌ನ ಕೆಳಗಿನ ಎಫ್! ಯಾರೂ ನುಡಿಸದೆಯೇ ಆ ಸ್ವರ ಕಿವಿಯಲ್ಲಿ ಮೂಡುತ್ತದೆ. ಅದೇ ಹೊತ್ತಿಗೆ ಬಾಸ್ ಅದನ್ನು ನುಡಿಸಿದರೆ ದನಿ ಇಮ್ಮಡಿಯಾದಂತೆ ಅನಿಸುತ್ತದೆ. ಆದರೆ ಆಲ್ಟೊ ಟ್ಯೂನರ್ ನೋಡಿಕೊಂಡು ಪಿಯಾನೊದ ಎ, ಅಂದರೆ 880 ಹಿಡಿದರೆ ವ್ಯತ್ಯಾಸದ ಸ್ವರ 181.5ಕ್ಕೆ ಹೋಗುತ್ತದೆ. ಬಾಸ್‌ನ 174.6ರ ಜೊತೆ ಅದು ಸೆಕೆಂಡಿಗೆ ಏಳು ಬಾರಿ ಗುದ್ದಾಡುತ್ತದೆ. ಎಲ್ಲರೂ ಬಾಸ್ ಕಡೆ ತಿರುಗಿ ನೋಡುತ್ತಾರೆ, ತಪ್ಪು ಮೇಲಿದೆ. ಬಾಸ್ ಕೇಳುವುದಿಲ್ಲ ಎಂಬ ದೂರಿನ ಅರ್ಧ ಪಾಲು ವಾದ್ಯದ್ದಲ್ಲ, ಮೇಲಿನ ಗಾಂಧಾರಗಳದ್ದು. ಗಾಂಧಾರ ಹಿಡಿದವರು ಸುಮಾರು 14 ಸೆಂಟ್ ಇಳಿದರೆ ಬಾಸ್ ತಾನಾಗಿ ಎದ್ದು ಬರುತ್ತದೆ.

ಹೀಗಾಗಿ ವಾದ್ಯ ಪರೀಕ್ಷೆ ಒಬ್ಬರೇ ಮಾಡುವ ಕೆಲಸವಲ್ಲ. ಸಾಧ್ಯವಿದ್ದರೆ ವೃಂದದ ಟೆನರ್ ವಾದಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಕೆಳಗಿನ ಎಫ್ ಹಿಡಿದು, ಅತಿ ಮೆಲ್ಲಗೆ ಶುರು ಮಾಡಿ, ಸ್ವರ ಒಡೆಯುವ ತನಕ ಉಸಿರು ಏರಿಸಿ. ಒಡೆಯುವ ಮುನ್ನ ಎಷ್ಟು ಜಾಗ ಸಿಗುತ್ತದೆ ಎಂಬುದೇ ಆ ವಾದ್ಯದ ನಿಜವಾದ ಅಳತೆ. ಜಿ ಚೆನ್ನಾಗಿ ನುಡಿದು ಎಫ್ ಮಾತ್ರ ತಡವರಿಸಿದರೆ ಕೊನೆಯ ಕೀಯ ಪ್ಯಾಡ್ ಸೋರುತ್ತಿದೆ. ಎಲ್ಲ ಕೆಳಸ್ವರಗಳೂ ತಡವರಿಸಿದರೆ ಸೋರಿಕೆ ಮೇಲೆಲ್ಲೋ ಇದೆ, ಹೆಚ್ಚಾಗಿ ಹೆಬ್ಬೆರಳಿನ ರಂಧ್ರದಲ್ಲಿ ಅಥವಾ ಸೇರಿಕೆಯಲ್ಲಿ. ಸಿಗರೇಟು ಕಾಗದದಷ್ಟು ತೆಳ್ಳನೆಯ ಒಂದು ಚೂರನ್ನು ಪ್ಯಾಡ್ ಅಡಿ ಇಟ್ಟು, ಕೀ ಮುಚ್ಚಿ, ಮೆಲ್ಲಗೆ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಒಡಲಿನ ಭಾಗವೊಂದನ್ನೇ ಬಿಡಿಸಿ, ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ, ರಂಧ್ರಗಳನ್ನೆಲ್ಲ ಅದುಮಿ, ಇನ್ನೊಂದು ತುದಿಯಿಂದ ಗಾಳಿ ಹೀರಿ ನೋಡಿ. ಎಳೆತ ಒಂದೆರಡು ಸೆಕೆಂಡ್ ನಿಲ್ಲಬೇಕು.

ಆಮೇಲೆ ಟೆನರ್ ಒಂದು ಸಿ ಹಿಡಿಯಲಿ, ನೀವು ಎಫ್, ಎ, ಸಿಗಳನ್ನು ಒಂದೊಂದಾಗಿ ನಿಲ್ಲಿಸಿ. ಟ್ಯೂನರ್ ನೋಡಬೇಡಿ, ಕಂಪಿಸುವ ಹೊಡೆತ ಇದೆಯೇ ಕೇಳಿ. ಬಿ ಫ್ಲಾಟ್‌ಗೆ ವಿಶೇಷ ಗಮನ ಕೊಡಿ. ಅದರದು ಕವಲು ಬೆರಳುಗಾರಿಕೆ, ತೆರೆದ ರಂಧ್ರದ ಕೆಳಗೆ ಮತ್ತೆ ಮುಚ್ಚಿದ ರಂಧ್ರಗಳು. ಪಕ್ಕದ ಎ ಮತ್ತು ಸಿಗಿಂತ ಅದು ಮಂಕಾಗಿದ್ದರೆ ಎಫ್ ಮೇಜರ್, ಬಿ ಫ್ಲಾಟ್ ಮೇಜರ್‌ನ ಪ್ರತಿಯೊಂದು ಕೃತಿಯಲ್ಲೂ ಆ ಕುಳಿ ಕಾಣುತ್ತದೆ. ಕೊನೆಗೆ ಟೆನರ್ ವಾದಕರು ಕೋಣೆಯ ಆಚೆ ತುದಿಗೆ ಹೋಗಿ ನಿಂತು ಕೇಳಲಿ. ನುಡಿಸುವವರ ಕಿವಿಗೆ ಕೇಳುವ ಬಾಸ್ ಬೇರೆ, ನಾಲ್ಕು ಮೀಟರ್ ಆಚೆ ಕೇಳುವ ಬಾಸ್ ಬೇರೆ. ಜಮಖಾನ ಹಾಸಿದ ಕೋಣೆಯಲ್ಲಿ ಪರೀಕ್ಷಿಸಬೇಡಿ, ಬರಿ ನೆಲವಿರಲಿ.

ಸ್ವರಲಿಪಿಯ ಮಾತನ್ನು ಬೇಗ ಮುಗಿಸಬಹುದು. ಬಾಸ್‌ನ ಸಾಲನ್ನು ಬಾಸ್ ಕ್ಲೆಫ್‌ನಲ್ಲಿ (ಯಾವ ಗೆರೆ ಯಾವ ಸ್ವರವೆಂದು ಹೇಳುವ ಗುರುತು ಕ್ಲೆಫ್) ಬರೆಯುತ್ತಾರೆ, ದನಿ ಬರೆದದ್ದಕ್ಕಿಂತ ಒಂದು ಸ್ಥಾಯಿ ಮೇಲೆ. ಅತಿ ಕೆಳಗಿನ ಎಫ್ ಮೊದಲ ಗೆರೆಯ ಅಡಿಗೆ ತಾಗಿ ನಿಲ್ಲುತ್ತದೆ. ಟ್ರೆಬಲ್ ಕ್ಲೆಫ್ ಮಾತ್ರ ಓದಿ ಗೊತ್ತಿರುವವರು ಕಂಡ ಸ್ವರಕ್ಕೆ ಎರಡು ಮೆಟ್ಟಿಲು ಸೇರಿಸಿಕೊಂಡರೆ ಸ್ವರದ ಹೆಸರು ಸಿಗುತ್ತದೆ; ಡಿ ಎಂದು ಕಂಡದ್ದು ಎಫ್. ಕೆಲವು ವಾರ ಹೀಗೆ ದಾಟಬಹುದು, ನಂತರ ಕ್ಲೆಫ್ ಕಲಿಯುವುದೇ ಲೇಸು. ಗಾಯನಕ್ಕೆಂದು ಬರೆದ ನಾಲ್ಕು ದನಿಯ ಕೃತಿಗಳಲ್ಲಿ ಬಾಸ್ ಸಾಲು ಆಗಾಗ ಎಫ್‌ಗಿಂತ ಕೆಳಗಿನ ಇ, ಡಿಗೆ ಇಳಿಯುತ್ತದೆ. ನಿಮ್ಮ ವೃಂದ ನುಡಿಸುವ ಪುಟಗಳಲ್ಲಿ ಅಂಥವು ಹೆಚ್ಚಿದ್ದರೆ ಮುಂದೊಂದು ದಿನ ಸಿಯಲ್ಲಿರುವ ಗ್ರೇಟ್ ಬಾಸ್ ಬೇಕಾಗುತ್ತದೆ ಎಂದು ಈಗಲೇ ಲೆಕ್ಕ ಹಾಕಿ, ಮೊದಲ ಬಾಸ್‌ಗೆ ಎಲ್ಲ ದುಡ್ಡನ್ನೂ ಸುರಿಯಬೇಡಿ. ಎಂಟಕ್ಕಿಂತ ಹೆಚ್ಚು ಜನರಿದ್ದರೆ ಒಂದು ದುಬಾರಿ ಬಾಸ್‌ಗಿಂತ ಎರಡು ಸಾಧಾರಣ ಬಾಸ್ ಕೊಳ್ಳುವುದೇ ಸರಿ.

ಕೊಂಡ ಮೇಲಿನ ಆರೈಕೆ. ಹೊಸ ಮರದ ಬಾಸ್ ಅನ್ನು ಮೊದಲ ವಾರ ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಊದಬಾರದು. ತಲೆಯೊಳಗಿನ ಬೆಣೆ ತೇವದಿಂದ ಒಮ್ಮೆಲೇ ಉಬ್ಬಿ ಗಾಳಿದಾರಿ ಕಿರಿದಾಗುತ್ತದೆ, ಸ್ವರ ಒರಟಾಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹೊರಗಿನ ತೇವವೂ ಇದಕ್ಕೆ ಸೇರುತ್ತದೆ, ನುಡಿಸಿದ ಮೇಲೆ ಒರೆಸಿ ಪೆಟ್ಟಿಗೆ ತೆರೆದಿಟ್ಟು ಆರಿಸಬೇಕು. ಕಲಬುರಗಿಯ ಬೇಸಿಗೆಯಲ್ಲಿ ಭಯ ತಿರುಗುಮುರುಗು, ಮರ ಒಣಗಿ ಸೇರಿಕೆ ಸಡಿಲವಾಗುತ್ತದೆ. ಪೆಟ್ಟಿಗೆ ಮುಚ್ಚಿಯೇ ಇರಲಿ. ಮೇಣದಲ್ಲಿ ಅದ್ದಿ ತಯಾರಿಸಿದ ಮರಕ್ಕೆ ಎಣ್ಣೆ ಬೇಡ. ಉಳಿದವಕ್ಕೆ ಬಾದಾಮಿ ಎಣ್ಣೆಯನ್ನು ತೆಳುವಾಗಿ ಒಳಕೊಳವೆಗೆ ಹಚ್ಚಬಹುದು, ಪ್ಯಾಡ್‌ಗೂ ಬೆಣೆಗೂ ಒಂದು ತೊಟ್ಟೂ ತಾಗಬಾರದು. ಗಾಳಿದಾರಿ ಕಟ್ಟಿಕೊಂಡರೆ ಸಾಲಿನಲ್ಲಿ ವಿರಾಮ ಬಂದಾಗ ಚುರುಕಾಗಿ ಒಳಕ್ಕೆ ಹೀರುವುದು ಸಾಕು. ಪದೇ ಪದೇ ಕಟ್ಟಿದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ನೀರಿಗೆ ಬೆರೆಸಿ ಗಾಳಿದಾರಿಯೊಳಗೆ ಇಳಿಸಿ, ಒರೆಸದೆ ಆರಲು ಬಿಡಬೇಕು. ತೇವ ಹನಿಗಟ್ಟದೆ ತೆಳುವಾಗಿ ಹರಡಿಕೊಳ್ಳುತ್ತದೆ. ಕಿಟಕಿಯ ಚೂಪು ಅಂಚಿಗೆ ಬೆರಳಾಗಲಿ ಬಟ್ಟೆಯಾಗಲಿ ಮುಟ್ಟಿಸಬಾರದು.

ಪ್ಯಾಡ್‌ಗಳು ಕೆಲವು ವರ್ಷಕ್ಕೆ ಗಟ್ಟಿಯಾಗುತ್ತವೆ, ಆಗ ಜರ್ಮನಿಗೆ ಕಳಿಸುವ ಅಗತ್ಯವಿಲ್ಲ. ಕದ್ರಿ ಗೋಪಾಲನಾಥರ ದಕ್ಷಿಣ ಕನ್ನಡದಲ್ಲಿ ದೇವಸ್ಥಾನ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವರು ಎಷ್ಟೋ ಮಂದಿ. ಆ ವಾದ್ಯಕ್ಕೆ ಪ್ಯಾಡ್ ಕೂರಿಸಬಲ್ಲ ಕೈಗೆ ಬಾಸ್ ರೆಕಾರ್ಡರ್‌ನ ನಾಲ್ಕೈದು ಪ್ಯಾಡ್ ಕಷ್ಟವೇನಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಿ ಕೊಡಿ: ಹೊಸ ಪ್ಯಾಡ್ ಹಳೆಯದರಷ್ಟೇ ದಪ್ಪವಿರಬೇಕು. ದಪ್ಪವಾದರೆ ಕೀ ತೆರೆದಾಗ ರಂಧ್ರಕ್ಕೆ ತೀರಾ ಹತ್ತಿರ ನಿಂತು ಜಿ ತಗ್ಗುತ್ತದೆ, ತೆಳುವಾದರೆ ಎಫ್ ಮುಚ್ಚುವುದಿಲ್ಲ. ವಾದ್ಯ ತರಿಸುವಾಗಲೇ ಒಂದು ಜೊತೆ ಪ್ಯಾಡ್, ಕೊನೆಯ ಕೀಯ ಒಂದು ಸ್ಪ್ರಿಂಗ್, ಸೇರಿಕೆಗೆ ಹಚ್ಚುವ ಗ್ರೀಸ್ ಮತ್ತು ಅಗಲವಾದ ಕೊರಳಪಟ್ಟಿಯನ್ನು ಅದೇ ಪಟ್ಟಿಗೆ ಸೇರಿಸಿ ಬರೆದುಬಿಡಿ.